ಗಡಿನಾಡಿನ ಕನ್ನಡ ವಿದ್ಯಾರ್ಥಿ ಮತ್ತು ಕಾನೂನಿನ ಸ್ನಾತಕೋತ್ತರ ಅಧ್ಯಯನ

ಕೃಷ್ಣೆ ತುಂಗಭದ್ರೆಯರ ನಡುವಿನ ಗದ್ವಾಲ, ಕೃಷ್ಣೆಯ ಉತ್ತರಕ್ಕಿರುವ ಮಕ್ತಲ್ ಹಾಗೂ ನಾರಾಯಣಪೇಟೆ, ಈ ಮೂರೂ ಊರುಗಳು ಇಂದು ತೆಲಂಗಾಣದಲ್ಲಿವೆ. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ ಇಲ್ಲಿನ ಜನರಿಗೆ ರಾಯಚೂರು ಬೇರೆ ರಾಜ್ಯದ ಊರಾಗಿರಲಿಲ್ಲ. 1956ರ ರಾಜ್ಯ ಪುನರ್ವಿಂಗಡಣಾ ಅಧಿನಿಯಮವು ರಾಯಚೂರು ಜಿಲ್ಲೆಯನ್ನು ಮೈಸೂರು ರಾಜ್ಯಕ್ಕೆ ಸೇರಿಸಿತು. ಆದರೆ ಅದೇ ಜಿಲ್ಲೆಯ ಗದ್ವಾಲ ಮತ್ತು ಆಲಂಪುರ ತಾಲೂಕುಗಳನ್ನು ಬಿಡಿಸಿ ಆಂಧ್ರಪ್ರದೇಶಕ್ಕೆ ಕೊಟ್ಟಿತು. ಮಕ್ತಲ್ ಮತ್ತು ನಾರಾಯಣಪೇಟೆಗಳು ಮಹಬೂಬ್‌ನಗರ ಜಿಲ್ಲೆಯೊಡನೆ ಆಂಧ್ರಕ್ಕೆ ಸೇರಿದವು. ಹೀಗೆ ಒಂದು ಕಾನೂನಿನ ಮೂಲಕ ಇಲ್ಲಿನ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರಾದರು. ಇಂಥ ನೆಲದ ವಿದ್ಯಾರ್ಥಿಗೆ ಕಾನೂನಿನ ಉನ್ನತ ಅಧ್ಯಯನ ಏನನ್ನು ಕೊಡಬಲ್ಲದು, ಏನನ್ನು ಕೊಡಲಾರದು ಎಂಬುದನ್ನು ಸ್ಪಷ್ಟವಾಗಿ ಅರಿಯುವುದು ಅಗತ್ಯ.

ಐಚ್ಛಿಕ ಕನ್ನಡದೊಡನೆ ಬಿ.ಎ. ಮುಗಿಸಿದವರಿಗೆ ಕಾನೂನಿನ ಬಾಗಿಲು ಮುಚ್ಚಿಲ್ಲ. ಯಾವುದೇ ವಿಷಯದ ಪದವೀಧರರು ನಿಗದಿತ ಕನಿಷ್ಠ ಅಂಕಗಳಿದ್ದರೆ ಮೂರು ವರ್ಷಗಳ ಎಲ್‌ಎಲ್‌ಬಿ ಸೇರಬಹುದು. ಎಲ್‌ಎಲ್‌ಬಿ ಮುಗಿಸಿ, 1961ರ ವಕೀಲರ ಅಧಿನಿಯಮದಂತೆ ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿ, ಅಖಿಲ ಭಾರತ ವಕೀಲರ ಪರೀಕ್ಷೆಯಲ್ಲಿ ತೇರ್ಗಡೆಯಾದವರು ವೃತ್ತಿ ನಡೆಸಬಹುದು. ಇಷ್ಟಕ್ಕೆ ಸ್ನಾತಕೋತ್ತರ ಪದವಿ ಬೇಕಿಲ್ಲ. ಎಲ್‌ಎಲ್‌ಎಂ ವಕೀಲಿಕೆಯ ಸನ್ನದಲ್ಲ. ಅದು ಕಾನೂನಿನ ಒಂದು ಶಾಖೆಯನ್ನು ಆಳವಾಗಿ ಓದಿ, ಕೊನೆಗೆ ಒಂದು ಸಂಶೋಧನ ಪ್ರಬಂಧವನ್ನು ಬರೆಯುವ ವ್ಯಾಸಂಗ. ಈ ವ್ಯತ್ಯಾಸವನ್ನು ಗಮನಿಸದೆ ಸೇರಿದವರಿಗೆ ಹಣವೂ ಕಾಲವೂ ನಷ್ಟವಾಗುವ ಸಂಭವವಿದೆ.

ಪ್ರವೇಶದ ಮಾರ್ಗಗಳು ಮುಖ್ಯವಾಗಿ ಮೂರು. ತೆಲಂಗಾಣದಲ್ಲಿ ಪಿಜಿಎಲ್‌ಸೆಟ್ ಪ್ರವೇಶ ಪರೀಕ್ಷೆಯ ಮೂಲಕ ಉಸ್ಮಾನಿಯಾ ವಿಶ್ವವಿದ್ಯಾಲಯ ಮೊದಲಾದೆಡೆ ಸ್ಥಾನ ದೊರೆಯುತ್ತದೆ. ಗಡಿಯ ಈಚೆಗೆ ಕಲಬುರಗಿಯ ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿಯೂ ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದಲ್ಲಿಯೂ ಈ ವ್ಯಾಸಂಗವಿದೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ, ಹೈದರಾಬಾದಿನ ನಲ್ಸಾರ್‌ಗಳಂತಹ ಸಂಸ್ಥೆಗಳಿಗೆ ಕ್ಲಾಟ್ ಸ್ನಾತಕೋತ್ತರ ಪರೀಕ್ಷೆ ಬರೆಯಬೇಕು. ರಾಷ್ಟ್ರೀಯ ಸಂಸ್ಥೆಗಳಲ್ಲಿ ಸಾಮಾನ್ಯವಾಗಿ ಒಂದು ವರ್ಷದ ಕ್ರಮವೂ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಾಗಿ ಎರಡು ವರ್ಷಗಳ ಕ್ರಮವೂ ನಡೆದುಬಂದಿವೆ. ಈ ನಿಯಮಗಳು ಬದಲಾಗುತ್ತಿರುವುದರಿಂದ ಆಯಾ ವರ್ಷದ ಪ್ರಕಟಣೆಯನ್ನು ಪೂರ್ತಿಯಾಗಿ ಓದಿಕೊಳ್ಳುವುದು ಒಳಿತು.

ಈ ವ್ಯಾಸಂಗದ ಪಾಠ ಪ್ರವಚನಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ನಡೆಯುತ್ತವೆ. ಕನ್ನಡದ ವಿದ್ಯಾರ್ಥಿ ಇಲ್ಲಿ ಅಂಜುವುದು ಸಹಜ. ಆದರೆ ಪ್ರಬಂಧದ ಘಟ್ಟಕ್ಕೆ ಬಂದಾಗ ಅವನ ಅಥವಾ ಅವಳ ಕನ್ನಡವೇ ಬಂಡವಾಳವಾಗಬಲ್ಲದು. ಪ್ರಬಂಧಕ್ಕೆ ಬೇಕಾದದ್ದು ಒಂದು ಪ್ರಶ್ನೆ. ಅಂತಹ ಪ್ರಶ್ನೆಗಳು ಗಡಿನಾಡಿನಲ್ಲಿ ಹೇರಳವಾಗಿವೆ.

ಮೊದಲನೆಯದು ಶಾಲೆಯ ಪ್ರಶ್ನೆ. 1956ರ ಏಳನೆಯ ತಿದ್ದುಪಡಿಯು ಸಂವಿಧಾನಕ್ಕೆ 350ಎ ಮತ್ತು 350ಬಿ ವಿಧಿಗಳನ್ನು ಸೇರಿಸಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸಾಕಷ್ಟು ಸೌಲಭ್ಯ ಕಲ್ಪಿಸಲು ರಾಜ್ಯಗಳು ಯತ್ನಿಸಬೇಕೆಂದು ಮೊದಲನೆಯದು ಹೇಳಿದರೆ, ಅವರ ಹಿತರಕ್ಷಣೆಯ ಕುರಿತು ವಿಚಾರಣೆ ನಡೆಸುವ ವಿಶೇಷ ಅಧಿಕಾರಿಯನ್ನು ಎರಡನೆಯದು ಏರ್ಪಡಿಸುತ್ತದೆ. ಒಂದು ತರಗತಿಯಲ್ಲಿ 10 ಅಥವಾ ಶಾಲೆಯಲ್ಲಿ 40 ಮಕ್ಕಳಿದ್ದರೆ ಅವರ ಭಾಷೆಯ ಶಿಕ್ಷಕರನ್ನು ಒದಗಿಸಬೇಕೆಂಬ ಸೂತ್ರವನ್ನು 1949ರಲ್ಲಿಯೇ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಪ್ಪಿತ್ತು. ಇನ್ನೊಂದೆಡೆ ತೆಲಂಗಾಣವು 2018ರ ಅಧಿನಿಯಮದಿಂದ ಶಾಲೆಗಳಲ್ಲಿ ತೆಲುಗನ್ನು ಕಡ್ಡಾಯಗೊಳಿಸಿತು. ಕರ್ನಾಟಕವು 2015ರಲ್ಲಿ ಕನ್ನಡದ ಕಲಿಕೆಗೆ ಇಂಥದೇ ಕಾನೂನು ತಂದಿತ್ತು. ರಾಜ್ಯಭಾಷೆಯನ್ನು ಅಲ್ಪಸಂಖ್ಯಾತರ ಶಾಲೆಗಳಲ್ಲಿಯೂ ಕಡ್ಡಾಯವಾಗಿ ಕಲಿಸಬಹುದೆಂದು ಉಷಾ ಮೆಹ್ತಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2004ರಲ್ಲಿ ಮಹಾರಾಷ್ಟ್ರದ ನೀತಿಯನ್ನು ಎತ್ತಿಹಿಡಿಯಿತು. ಮಗುವಿನ ಮಾತೃಭಾಷೆ ಯಾವುದೆಂದು ನಿರ್ಧರಿಸುವವರು ತಂದೆತಾಯಿಗಳೇ ಹೊರತು ಸರ್ಕಾರವಲ್ಲವೆಂದು ಅದೇ ನ್ಯಾಯಾಲಯದ ಐವರ ಪೀಠ 2014ರಲ್ಲಿ ಕರ್ನಾಟಕದ ಪ್ರಕರಣದಲ್ಲಿ ತೀರ್ಮಾನಿಸಿತು. ಈ ವಿಧಿಗಳಿಗೂ ತೀರ್ಪುಗಳಿಗೂ ಗಡಿಯ ಒಂದು ಕನ್ನಡ ಶಾಲೆಯ ಹಾಜರಿ ಪುಸ್ತಕಕ್ಕೂ ಇರುವ ಅಂತರವನ್ನು ಅಳೆಯಬಲ್ಲವರು ಆ ಶಾಲೆಯ ಭಾಷೆಯನ್ನು ಬಲ್ಲವರೇ.

ಎರಡನೆಯದು ನೀರಿನ ಪ್ರಶ್ನೆ. ತುಂಗಭದ್ರೆಯ ರಾಜೋಳಿಬಂಡೆ ತಿರುವು ಯೋಜನೆಯ ಒಡ್ಡು ರಾಯಚೂರು ಜಿಲ್ಲೆಯಲ್ಲಿದೆ. ಅಚ್ಚುಕಟ್ಟಿನ ಬಹುಭಾಗ ಗದ್ವಾಲ, ಆಲಂಪುರಗಳ ಕಡೆಗಿದೆ. ಬಚಾವತ್ ನ್ಯಾಯಾಧಿಕರಣವು ಆಗಿನ ಆಂಧ್ರಪ್ರದೇಶಕ್ಕೆ ಇದರಲ್ಲಿ 15.9 ಟಿಎಂಸಿ ನೀರನ್ನು ಹಂಚಿತು. ತೀರ್ಪಿನ ನೀರು ಕಾಲುವೆಯ ಕೊನೆಯ ಹೊಲಕ್ಕೆ ಮುಟ್ಟುವ ಬಗೆಯನ್ನು ತಿಳಿಯಲು ಮೇಲಿನ ಊರಿನ ಕನ್ನಡವೂ ಕೆಳಗಿನ ಊರಿನ ತೆಲುಗೂ ಬೇಕು.

ಮೂರನೆಯದು ದಾಖಲೆಗಳ ಪ್ರಶ್ನೆ. ನಿಜಾಮರ ಕಾಲದ ಕಂದಾಯದ ಕಾಗದಗಳು ಉರ್ದುವಿನಲ್ಲಿವೆ. ಇಂದಿನ ಕಚೇರಿಯ ಭಾಷೆ ತೆಲುಗು. ಉಚ್ಚ ನ್ಯಾಯಾಲಯದ ವ್ಯವಹಾರ 348ನೆಯ ವಿಧಿಯಂತೆ ಇಂಗ್ಲಿಷಿನಲ್ಲಿ. ಭೂಮಿಯ ಒಡೆಯನಾಡುವ ಮಾತು ಕನ್ನಡ. ಈ ನಾಲ್ಕು ಭಾಷೆಗಳ ನಡುವೆ ಒಬ್ಬ ರೈತನ ಹಕ್ಕು ಹೇಗೆ ಉಳಿಯುತ್ತದೆ, ಎಲ್ಲಿ ಕಳೆದುಹೋಗುತ್ತದೆ ಎಂಬುದು ಕಾನೂನಿನ ಪ್ರಶ್ನೆಯೂ ಹೌದು, ಭಾಷೆಯ ಪ್ರಶ್ನೆಯೂ ಹೌದು.

ಪದವಿಯ ಬಳಿಕ ತೆರೆದುಕೊಳ್ಳುವ ಹಾದಿಗಳಲ್ಲಿ ಅಧ್ಯಾಪನವೇ ಮುಖ್ಯವಾದುದು. ಸಹಾಯಕ ಪ್ರಾಧ್ಯಾಪಕರಾಗಲು ಸ್ನಾತಕೋತ್ತರ ಪದವಿಯಲ್ಲಿ ಸಾಮಾನ್ಯವಾಗಿ ಶೇಕಡಾ 55 ಅಂಕಗಳೂ, ಅದರೊಡನೆ ನೆಟ್ ಅಥವಾ ರಾಜ್ಯಮಟ್ಟದ ಅರ್ಹತಾ ಪರೀಕ್ಷೆಯ ತೇರ್ಗಡೆ ಇಲ್ಲವೆ ನಿಯಮಾನುಸಾರ ಪಡೆದ ಪಿಎಚ್‌ಡಿಯೂ ಬೇಕು. ಬರಿಯ ಎಲ್‌ಎಲ್‌ಎಂ ಪ್ರಮಾಣಪತ್ರ ಸಾಲದು. ಕಿರಿಯ ಸಂಶೋಧನಾ ಶಿಷ್ಯವೇತನ ದೊರೆತರೆ ಪಿಎಚ್‌ಡಿಯ ಭಾರ ಹಗುರವಾಗುತ್ತದೆ.

ನ್ಯಾಯಾಧೀಶರಾಗಲು ಬಯಸುವವರು ಬೇರೆ ಲೆಕ್ಕ ಹಾಕಬೇಕು. ಸಿವಿಲ್ ನ್ಯಾಯಾಧೀಶರ ಆರಂಭಿಕ ಹುದ್ದೆಗೆ ಕನಿಷ್ಠ ಮೂರು ವರ್ಷಗಳ ವಕೀಲಿ ಅನುಭವವಿರಬೇಕೆಂದು ಸರ್ವೋಚ್ಚ ನ್ಯಾಯಾಲಯ 2025ರ ಮೇ 20ರಂದು ತೀರ್ಪಿತ್ತಿತು. ಎಲ್‌ಎಲ್‌ಎಂ ಈ ಅನುಭವಕ್ಕೆ ಬದಲಿಯಲ್ಲ. ಕರ್ನಾಟಕದ ಮುಖ್ಯ ಪರೀಕ್ಷೆಯಲ್ಲಿ ಕನ್ನಡ ಮತ್ತು ಇಂಗ್ಲಿಷುಗಳ ನಡುವಣ ಅನುವಾದಕ್ಕೆಂದೇ ಒಂದು ಪತ್ರಿಕೆಯಿದೆ; ತೆಲಂಗಾಣದಲ್ಲಿ ತೆಲುಗಿನ ಪ್ರಾವೀಣ್ಯ ಅಗತ್ಯ. ಗಡಿಯ ವಿದ್ಯಾರ್ಥಿ ಎರಡೂ ಭಾಷೆಗಳನ್ನು ಬರಹದ ಮಟ್ಟದಲ್ಲಿ ಸಾಧಿಸಿದರೆ ಎರಡು ರಾಜ್ಯಗಳ ದಾರಿಗಳೂ ತೆರೆದಿರುತ್ತವೆ. ಆಡುಮಾತಷ್ಟೇ ಬಂದರೆ ಎರಡೂ ಮುಚ್ಚಬಹುದು.

ಮೂರನೆಯದು ಕಾನೂನು ಅನುವಾದ. ಸರ್ವೋಚ್ಚ ನ್ಯಾಯಾಲಯವು 2019ರಿಂದ ತನ್ನ ತೀರ್ಪುಗಳನ್ನು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಪ್ರಕಟಿಸುತ್ತಿದೆ. ಯಂತ್ರದ ನೆರವು ಇದ್ದರೂ ಅನುವಾದವನ್ನು ತಿದ್ದುವ ಕೆಲಸ ಮನುಷ್ಯರದೇ. ‘ಸ್ವಾಧೀನ’ಕ್ಕೂ ‘ಸ್ವಾಮ್ಯ’ಕ್ಕೂ ಇರುವ ಭೇದವನ್ನು ತಿಳಿಯದ ಅನುವಾದ ಒಂದು ಕುಟುಂಬದ ಜಮೀನನ್ನೇ ಕಳೆಯಬಲ್ಲದು. ಪದಗಳ ಅರ್ಥಛಾಯೆಯನ್ನು ತೂಗಿ ನೋಡುವುದು ಐಚ್ಛಿಕ ಕನ್ನಡದ ತರಗತಿಯಲ್ಲಿ ದಿನವೂ ನಡೆಯುವ ಅಭ್ಯಾಸ.

ಆದುದರಿಂದ ಕೆಲಸ ಸಿಗುವವರೆಗೆ ಕಾಲ ಕಳೆಯಲೆಂದು ಈ ವ್ಯಾಸಂಗವನ್ನು ಆರಿಸಿಕೊಳ್ಳುವುದು ಉಚಿತವಲ್ಲ. ತನ್ನ ಊರಿನ ಶಾಲೆ, ಕಾಲುವೆ, ಕಾಗದಪತ್ರಗಳಲ್ಲಿ ಉತ್ತರ ಸಿಗದ ಒಂದು ಪ್ರಶ್ನೆಯನ್ನು ಕಂಡುಕೊಂಡವರಿಗೆ ಅದು ಸಾರ್ಥಕ. ಅಂತಹ ಪ್ರಶ್ನೆಯನ್ನು ಹುಡುಕುವ ಕೆಲಸ ಬಿ.ಎ. ಓದುತ್ತಿರುವಾಗಲೇ ಆರಂಭವಾಗಬಹುದು.