ನಷ್ಟವುಳ್ಳ ಮಾಧ್ಯಮಗಳಲ್ಲಿ ಬೆಳಕಿನ ಶಕ್ತಿಪಟ್ಟಿಗಳು: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಚಿಮ್ಮನಚೋಡ, ಸೇಡಂ, ಚಿತ್ತಾಪುರ, ವಾಡಿ ಹಾಗೂ ಶಹಾಬಾದ್ ಭಾಗದ ಜನರಿಗೆ ಸುಣ್ಣಕಲ್ಲು ಚಿರಪರಿಚಿತವಾದುದು. ಸುಣ್ಣಕಲ್ಲಿನ ಮುಖ್ಯ ಖನಿಜ ಕ್ಯಾಲ್ಸೈಟ್. ಅದರ ಪಾರದರ್ಶಕ ಹರಳನ್ನು ಅಕ್ಷರಗಳ ಮೇಲಿಟ್ಟು ನೋಡಿದಲ್ಲಿ ಪ್ರತಿ ಅಕ್ಷರವೂ ಎರಡಾಗಿ ಕಾಣುತ್ತದೆ. ಬೆಳಕಿನ ಕಂಪನದ ರೀತಿಗೆ ಧ್ರುವೀಕರಣವೆಂದು ಹೆಸರು. ಹರಳಿನೊಳಗೆ ಎರಡು ಬಗೆಯ ಧ್ರುವೀಕರಣಗಳು ಎರಡು ವೇಗಗಳಲ್ಲಿ ಸಾಗುವುದೇ ಇದಕ್ಕೆ ಕಾರಣ. ಈ ಎರಡೂ ಒಂದೇ ಆಗುವ ಸಂದರ್ಭವುಂಟೇ ಎಂಬುದನ್ನು ಈ ಕೆಳಗೆ ವಿವರಿಸಲಾಗಿದೆ.

2. ಶಕ್ತಿಪಟ್ಟಿ ಎಂದರೇನು?

ಸಮಾನ ಅಂತರದಲ್ಲಿ ಸೂಕ್ಷ್ಮ ರಂಧ್ರಗಳನ್ನು ಕೊರೆದ ಫಲಕವು ಫೋಟಾನಿಕ್ ಸ್ಫಟಿಕದ ಒಂದು ಬಗೆ. ಅದರಲ್ಲಿ ಪ್ರತಿ ದಿಕ್ಕಿನ ಅಲೆಗೂ ನಿರ್ದಿಷ್ಟ ಆವೃತ್ತಿಗಳಿರುತ್ತವೆ. ಇವುಗಳನ್ನು ನಕ್ಷೆಯಲ್ಲಿ ಗುರುತಿಸಿದಾಗ ದೊರೆಯುವುದೇ ಶಕ್ತಿಪಟ್ಟಿಗಳು.

3. ಹರ್ಮಿಷಿಯನ್ ಅಲ್ಲದ ವ್ಯವಸ್ಥೆ

ಶಕ್ತಿಯ ಸೋರಿಕೆಯಾಗಲಿ ಸೇರ್ಪಡೆಯಾಗಲಿ ಇಲ್ಲದ ವ್ಯವಸ್ಥೆಯು ಹರ್ಮಿಷಿಯನ್. ಲೆಕ್ಕದ ಭಾಷೆಯಲ್ಲಿ, ಇದು ಆರಂಭಿಕ ಶಿಲ್ಕೂ ಅಖೈರು ಶಿಲ್ಕೂ ಒಂದೇ ಇರುವ ಖಾತೆ. ಇಲ್ಲಿ ಎರಡು ಪಟ್ಟಿಗಳು ಸಂಧಿಸಿದರೂ, ಶಿಲ್ಕು ಸಮವಿರುವ ಎರಡು ಖಾತೆಗಳಂತೆ, ಅವು ಎರಡಾಗಿಯೇ ಉಳಿಯುತ್ತವೆ.

ಬೆಳಕನ್ನು ಹೀರುವ ಅಥವಾ ಸೋರಲು ಬಿಡುವ ವ್ಯವಸ್ಥೆಯಲ್ಲಿ ಆವೃತ್ತಿಯು ಸಂಕೀರ್ಣ ಸಂಖ್ಯೆಯಾಗುತ್ತದೆ. ಅದರ ನೈಜ ಭಾಗವು ಬಣ್ಣವನ್ನೂ ಕಾಲ್ಪನಿಕ ಭಾಗವು ನಷ್ಟದ ದರವನ್ನೂ ಸೂಚಿಸುತ್ತದೆ. ಕೆಲವು ಬಿಂದುಗಳಲ್ಲಿ ಬಣ್ಣ, ನಷ್ಟ, ಅಲೆಯ ರೂಪ ಮೂರೂ ಒಂದಾಗಿ, ಎರಡು ಖಾತೆಗಳು ವಿಲೀನಗೊಂಡು ಒಂದೇ ಉಳಿಯುತ್ತದೆ. ಇದಕ್ಕೆ ಅಸಾಧಾರಣ ಬಿಂದು ಎನ್ನುತ್ತಾರೆ. ಗಣಿತಜ್ಞ ತೋಸಿಯೋ ಕಾಟೊ 1966ರ ತಮ್ಮ ಗ್ರಂಥದಲ್ಲಿ ಈ ಹೆಸರನ್ನು ಬಳಸಿದರು.

4. ಬೆಂಗಳೂರಿನ ಸಂಶೋಧನೆ

ಹೆಸರಿಗಿಂತ ಮೊದಲೇ ವಿಷಯವು ಬೆಂಗಳೂರಿನಲ್ಲಿ ಅಧ್ಯಯನಗೊಂಡಿತ್ತು. ಬೆಳಕನ್ನು ಹೀರುವ ಕೆಲವು ಹರಳುಗಳಲ್ಲಿ ಇಂತಹ ವಿಶೇಷ ದಿಕ್ಕುಗಳಿರುವುದನ್ನು ಜರ್ಮನಿಯ ವೋಲ್ಡೆಮಾರ್ ಫೋಗ್ಟ್ 1902ರಲ್ಲಿ ತಿಳಿಸಿದ್ದರು. ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಪಂಚರತ್ನಂ ಅವರು 1955ರಲ್ಲಿ, ತಮ್ಮ 21ನೆಯ ವಯಸ್ಸಿನಲ್ಲಿ, ಇದರ ಸಿದ್ಧಾಂತವನ್ನು ವಿಶದಪಡಿಸಿ, ಅಯೋಲೈಟ್ ಹರಳಿನಲ್ಲಿ ಪ್ರಯೋಗಗಳನ್ನು ನಡೆಸಿದರು. ಪಾರದರ್ಶಕ ಹರಳಿನಲ್ಲಿ ಎರಡು ವೇಗಗಳು ಸಮವಾಗುವ ದಿಕ್ಕೊಂದು, ಹರಳು ಬೆಳಕನ್ನು ಹೀರತೊಡಗಿದಾಗ ಎರಡು ದಿಕ್ಕುಗಳಾಗಿ ಒಡೆಯುತ್ತದೆ. ಅವುಗಳಲ್ಲಿ ಪ್ರತಿಯೊಂದರಲ್ಲಿಯೂ ಒಂದೇ ಒಂದು ವೃತ್ತೀಯ ಧ್ರುವೀಕರಣವು ಬದಲಾಗದೆ ಸಾಗುತ್ತದೆ. ಉಳಿದವು ಕ್ರಮೇಣ ಅದರತ್ತ ತಿರುಗುತ್ತವೆ.

2018ರಲ್ಲಿ ಫೋಟಾನಿಕ್ ಸ್ಫಟಿಕದ ಫಲಕವೊಂದರಲ್ಲಿಯೂ ಇದೇ ಸ್ವರೂಪವು ಕಂಡುಬಂದಿತು. ಪಟ್ಟಿಗಳ ಸಂಧಿಬಿಂದುವು ಬೆಳಕಿನ ಸೋರಿಕೆಯಿಂದ ಎರಡು ಅಸಾಧಾರಣ ಬಿಂದುಗಳಾಗಿ ಒಡೆದಿತ್ತು. ಇದನ್ನು ನೋಡಲು ಪಂಚರತ್ನಂ ಅವರಿರಲಿಲ್ಲ. ಅವರು 1969ರಲ್ಲಿ, 35ನೆಯ ವಯಸ್ಸಿನಲ್ಲಿ, ಆಕ್ಸ್‌ಫರ್ಡ್‌ನಲ್ಲಿ ನಿಧನರಾದರು.

5. ಉಪಯೋಗ ಮತ್ತು ಮಿತಿ

ಅಸಾಧಾರಣ ಬಿಂದುವಿನ ಬಳಿ ಪಟ್ಟಿಗಳ ಅಂತರವು ಅಡಚಣೆಯ ವರ್ಗಮೂಲದಂತೆ ಬೆಳೆಯುತ್ತದೆ. 10,000ದಲ್ಲಿ 1 ಪಾಲಿನಷ್ಟು ಅಡಚಣೆಗೆ 100ರಲ್ಲಿ 1 ಪಾಲಿನ ಪ್ರಮಾಣದ ಅಂತರ ತೋರಬಹುದು. ಆದ್ದರಿಂದ ಸೂಕ್ಷ್ಮ ಸಂವೇದಕಗಳಿಗೆ ಇದನ್ನು ಬಳಸುವ ಪ್ರಯತ್ನಗಳು ನಡೆದಿವೆ. ಆದರೆ ಅನಪೇಕ್ಷಿತ ಏರಿಳಿತಗಳೂ ಅಲ್ಲಿ ಹೆಚ್ಚುವುದರಿಂದ ನಿವ್ವಳ ಲಾಭವೆಷ್ಟೆಂಬುದು ಚರ್ಚೆಯಲ್ಲಿದೆ.

6. ಗಮನಿಸಬೇಕಾದ ಅಂಶ

ನಷ್ಟವೆಂದರೆ ಕೇವಲ ನಿವಾರಿಸಬೇಕಾದ ದೋಷವಲ್ಲ. ಅದನ್ನು ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಂಡಲ್ಲಿ ಹೊಸ ನಿಯಮಗಳು ಗೋಚರಿಸುತ್ತವೆ. ವಿದ್ಯಾರ್ಥಿಗಳು ಹಾಗೂ ಶಿಕ್ಷಕರು ಈ ಮಾಹಿತಿಯ ಸದುಪಯೋಗ ಪಡೆಯಬಹುದಾಗಿದೆ.