ಮಗುವಿನ ಮಾತೂ ಮಂಡಿಯ ನೋವೂ

ಹೊರಕೆರೆದೇವಪುರದಲ್ಲಿ ನರಸಿಂಹಸ್ವಾಮಿಯ ತೇರಿನ ದಿನ. ಮನೆಯೊಂದರಲ್ಲಿ ಎಲ್ಲರೂ ಹೊಸ ಬಟ್ಟೆ ತೊಟ್ಟು ಹೊರಟು ನಿಂತಿದ್ದಾರೆಂದು ಊಹಿಸಿಕೊಳ್ಳಿ. ಏಳು ವರ್ಷದ ಹುಡುಗ ಮಾತ್ರ ಜಗಲಿಯ ಮೇಲೆ ಕುಳಿತುಬಿಟ್ಟಿದ್ದಾನೆ. "ಅವ್ವಾ, ಮಂಡಿಯೊಳಗೆ ಜುಮ್ ಅಂತೈತೆ, ನಾನು ಬರಲ್ಲ" ಎನ್ನುತ್ತಾನೆ. ತಾಯಿ ಮುಟ್ಟಿ ನೋಡುತ್ತಾಳೆ, ಗಾಯವಿಲ್ಲ, ಊತವಿಲ್ಲ. ನಡೆಯಲು ಸೋಮಾರಿತನವೆಂದು ಸೋದರಮಾವ ಗದರುತ್ತಾನೆ. ಸಂಜೆಯ ಹೊತ್ತಿಗೆ ಮಂಡಿ ಊದಿಕೊಂಡು ಬಿಸಿಯಾಗುತ್ತದೆ. ಅಜ್ಜಿ ಪ್ರೀತಿಯಿಂದಲೇ ಎಣ್ಣೆ ಹಚ್ಚಿ ನೀವುತ್ತಾಳೆ. ಊತ ಇನ್ನೂ ಹೆಚ್ಚುತ್ತದೆ.

ಈ ಮನೆಯಲ್ಲಿ ಯಾರೂ ಕೆಟ್ಟವರಲ್ಲ. ಆದರೆ ಹುಡುಗ ಹೇಳಿದ್ದು ನಿಜವಾಗಿತ್ತು. ಅವನಿಗೆ ಇರುವುದು ಹೀಮೋಫಿಲಿಯಾ. ಕನ್ನಡದಲ್ಲಿ ಇದನ್ನು ಕುಸುಮ ರೋಗವೆಂದು ಕರೆಯುತ್ತಾರೆ.

ಕೆರೆಯ ಏರಿ ಬಿರುಕುಬಿಟ್ಟಾಗ ಜನ ಸಾಲಾಗಿ ನಿಂತು ಕೈಯಿಂದ ಕೈಗೆ ಮಣ್ಣಿನ ಬುಟ್ಟಿ ದಾಟಿಸುವುದುಂಟಲ್ಲವೆ? ರಕ್ತ ಹೆಪ್ಪುಗಟ್ಟುವುದೂ ಹಾಗೆಯೇ. ರಕ್ತದಲ್ಲಿರುವ ಹಲವು ಅಂಶಗಳು ಒಂದರಿಂದೊಂದು ಎಚ್ಚೆತ್ತು ಬಿರುಕನ್ನು ಮುಚ್ಚುತ್ತವೆ. ಎಂಟನೆಯ ಅಂಶವೋ ಒಂಬತ್ತನೆಯದೋ ಕೊರತೆಯಾದರೆ ಸಾಲು ಅಲ್ಲಿಗೆ ಕಡಿಯುತ್ತದೆ. ಎಂಟನೆಯ ಅಂಶದ ಕೊರತೆಯೇ ಹೆಚ್ಚು. ಸುಮಾರು 5,000 ಗಂಡುಮಕ್ಕಳಲ್ಲಿ ಒಬ್ಬನಿಗೆ ಅದು ಹುಟ್ಟಿನಿಂದಲೇ ಬಂದಿರುತ್ತದೆ. ದೋಷವು ಸಾಮಾನ್ಯವಾಗಿ ತಾಯಿಯ ಮೂಲಕ ಮಗನಿಗೆ ಇಳಿಯುತ್ತದೆ. ಆದರೆ ಮೂರರಲ್ಲಿ ಒಂದು ಪಾಲಿನಷ್ಟು ಮಕ್ಕಳ ಮನೆತನದಲ್ಲಿ ಹಿಂದೆ ಯಾರಿಗೂ ಈ ರೋಗವಿದ್ದುದಿಲ್ಲ. ಆದ್ದರಿಂದ ಸೊಸೆಯ ತವರನ್ನು ದೂರುವುದು ಅನ್ಯಾಯ ಮಾತ್ರವಲ್ಲ, ಅಜ್ಞಾನವೂ ಹೌದು.

ಕೈ ಕೊಯ್ದುಕೊಂಡರೆ ರಕ್ತ ನಿಲ್ಲದೆಂಬುದಷ್ಟೇ ಈ ರೋಗದ ಬಗ್ಗೆ ಜನ ಕೇಳಿರುವುದು. ನಿಜವಾದ ಯಾತನೆ ಕಣ್ಣಿಗೆ ಕಾಣದ ಕೀಲುಗಳ ಒಳಗಿದೆ. ಮಂಡಿ, ಮೊಣಕೈ, ಹರಡುಗಳಲ್ಲಿ ಮತ್ತೆ ಮತ್ತೆ ರಕ್ತ ಜಿನುಗುತ್ತದೆ. ಆ ರಕ್ತದ ಕಬ್ಬಿಣ ಕೀಲಿನ ಒಳಪೊರೆಯನ್ನು ಕೆರಳಿಸುತ್ತದೆ. ಕೆರಳಿದ ಪೊರೆ ದಪ್ಪವಾಗಿ ಇನ್ನಷ್ಟು ಸುಲಭವಾಗಿ ರಕ್ತ ಸುರಿಸುತ್ತದೆ. ಕಾಲಕ್ರಮದಲ್ಲಿ ಮೃದ್ವಸ್ಥಿ ಸವೆದು, ಹದಿಹರೆಯಕ್ಕೆ ಬರುವಷ್ಟರಲ್ಲಿ ಕಾಲು ನೇರವಾಗದಂತಾಗುವುದುಂಟು. ಹೀಗೆ ಬಂದುಹೋಗುತ್ತಿದ್ದ ನೋವು ಮನೆಮಾಡಿಕೊಂಡ ನೋವಾಗುತ್ತದೆ. ಅದರೊಡನೆ ಶಾಲೆ ತಪ್ಪುತ್ತದೆ, ನಿದ್ರೆ ಕೆಡುತ್ತದೆ, ಆಟದ ಬಯಲಿನ ಅಂಚಿನಲ್ಲಿ ಕೂರುವುದು ಅಭ್ಯಾಸವಾಗುತ್ತದೆ.

ಈ ನೋವನ್ನು ಗ್ರಂಥಗಳಿಂದ ಮಾತ್ರವಲ್ಲ, ಸ್ವಂತ ಮೈಯಿಂದಲೂ ಅರಿತ ವೈದ್ಯರೊಬ್ಬರು ನಮ್ಮ ನೆರೆಯ ದಾವಣಗೆರೆಯಲ್ಲಿ ದುಡಿದಿದ್ದಾರೆ. ಅವರು ಡಾ. ಸುರೇಶ್ ಹನಗವಾಡಿ. ಹೀಮೋಫಿಲಿಯಾದೊಡನೆ ಬೆಳೆದ ಅವರು ಜೆ.ಜೆ.ಎಂ. ವೈದ್ಯಕೀಯ ಕಾಲೇಜಿನಲ್ಲಿ ರೋಗಶಾಸ್ತ್ರದ ಪ್ರಾಧ್ಯಾಪಕರಾದರು. ಇದೇ ರೋಗದ ಮಕ್ಕಳಿಗಾಗಿ ದಾವಣಗೆರೆಯಲ್ಲಿ ಹೀಮೋಫಿಲಿಯಾ ಸೊಸೈಟಿಯನ್ನು ಕಟ್ಟಿದರು. ರೋಗಿಯೇ ವೈದ್ಯನಾದಾಗ ನೋವಿನ ಮಾತಿಗೆ ದುಭಾಷಿ ಬೇಕಾಗುವುದಿಲ್ಲ.

ಆ ಮಾತಿಗೆ ಇಲ್ಲಿ ಎಷ್ಟು ಬೆಲೆಯಿದೆಯೆಂಬುದೇ ಇಂದಿನ ಭಾಷಣದ ಮುಖ್ಯಾಂಶ. ಕೀಲಿನಲ್ಲಿ ರಕ್ತ ಜಿನುಗತೊಡಗಿದಾಗ ಮೊದಲು ಬರುವುದು ಊತವಲ್ಲ. ಜುಮುಗುಟ್ಟುವಿಕೆ, ಬಿಗಿತ, ಒಂದು ಬಗೆಯ ಬಿಸುಪು. ಅದು ರೋಗಿಗೆ ಮಾತ್ರ ತಿಳಿಯುವಂಥದು. ವೈದ್ಯನ ಕಣ್ಣಿಗೆ ಗುರುತು ಕಾಣುವುದು ಆಮೇಲೆ. ಅಷ್ಟರೊಳಗೆ ಕೊರತೆಯಾದ ಅಂಶವನ್ನು ರಕ್ತನಾಳದ ಮೂಲಕ ಕೊಟ್ಟರೆ ಕೀಲು ಉಳಿದೀತು. ಕೀಲಿಗೆ ವಿಶ್ರಾಂತಿ, ಮೇಲೆ ತಣ್ಣನೆಯ ಪಟ್ಟಿ. ಬಿಸಿ ಶಾಖವೂ ತಿಕ್ಕುವುದೂ ಕೂಡದು. ನೋವಿಗೆಂದು ಆಸ್ಪಿರಿನ್ ಗುಳಿಗೆ ಕೊಟ್ಟರೆ ರಕ್ತಸ್ರಾವ ಹೆಚ್ಚುತ್ತದೆ. ಸವೆದ ಕೀಲಿನ ಹಳೆಯ ನೋವಿಗಾದರೋ ಬೇರೆ ಚಿಕಿತ್ಸೆ: ಹದವರಿತ ವ್ಯಾಯಾಮ, ಸ್ನಾಯುಗಳ ಬಲವರ್ಧನೆ, ತಕ್ಕ ಔಷಧ. ಇಂದಿನದು ಹೊಸ ನೋವೋ ಹಳೆಯದೋ ಎಂದು ತಿಳಿಯಲು ಸಹ ಮಗುವನ್ನೇ ಕೇಳಬೇಕು.

ರಕ್ತ ಜಿನುಗುವ ಮುನ್ನವೇ ಅದನ್ನು ತಡೆಯುವುದು ಇನ್ನೂ ಮೇಲು. ಸ್ವೀಡನ್ನಿನ ಮಾಲ್ಮೋದಲ್ಲಿ 1958ರಲ್ಲೇ ಮಕ್ಕಳಿಗೆ ಅಂಶವನ್ನು ಕ್ರಮವಾಗಿ ಕೊಡತೊಡಗಿದ್ದರು. 2007ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು 65 ಎಳೆಯ ಗಂಡುಮಕ್ಕಳನ್ನು ಆರು ವರ್ಷ ತುಂಬುವವರೆಗೆ ಗಮನಿಸಿತು. ಮುಂಜಾಗ್ರತೆಯಾಗಿ ಔಷಧ ಪಡೆದವರಲ್ಲಿ ಶೇಕಡ 93ರಷ್ಟು ಮಕ್ಕಳ ಕೀಲುಗಳು ಹಾನಿಯಿಲ್ಲದೆ ಉಳಿದಿದ್ದವು. ರಕ್ತ ಜಿನುಗಿದಾಗಷ್ಟೇ ಪಡೆದವರಲ್ಲಿ ಶೇಕಡ 55. ಹದಿಹರೆಯದ ಆ ನೆಲೆನಿಂತ ನೋವು ವಿಧಿಲಿಖಿತವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಆದರೆ ಔಷಧ ಎಷ್ಟೇ ಉತ್ತಮವಾಗಿದ್ದರೂ ಅದು ಆಸ್ಪತ್ರೆಯಲ್ಲಿರುತ್ತದೆ. ಮಗು ಜಗಲಿಯ ಮೇಲಿರುತ್ತದೆ. ಇವೆರಡರ ನಡುವಿನ ದಾರಿ ತೆರೆಯುವುದು ಮನೆಯವರ ನಂಬಿಕೆಯಿಂದ. ಎಲ್ಲ ಮಂಡಿನೋವೂ ಕುಸುಮ ರೋಗವಲ್ಲ, ನಿಜ. ಆದರೆ ಸಣ್ಣ ಪೆಟ್ಟಿಗೂ ಮೈಮೇಲೆ ನೀಲಿಗಟ್ಟುವ, ಕೀಲು ಮತ್ತೆ ಮತ್ತೆ ಊದುವ ಹುಡುಗನಿದ್ದರೆ ರಕ್ತಪರೀಕ್ಷೆ ಮಾಡಿಸುವುದನ್ನು ಮುಂದೂಡಬಾರದು. ರೋಗ ಗೊತ್ತಾದ ಮೇಲಂತೂ ಅವನು "ಜುಮ್ ಅಂತೈತೆ" ಎಂದಾಗ ಮಂಡಿಯನ್ನು ಮುಟ್ಟಿ ನೋಡುತ್ತಾ ಕೂರದೆ ಹೊರಡಬೇಕು. ತೇರು ಬರುವ ವರ್ಷವೂ ಹರಿಯುತ್ತದೆ. ಆಗ ಹುಡುಗ ತನ್ನ ಕಾಲಮೇಲೆ ನಡೆದೇ ಹೋಗಿ ಅದನ್ನು ನೋಡಲಿ.

(ಬಾನುಲಿ ಭಾಷಣ)