ತೋಟ ಕಡಿಯುವುದೋ, ನಡುವೆ ಸಸಿ ನೆಡುವುದೋ?

ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ ಮೂರು ವರ್ಷಗಳಿಂದ ಒಂದೇ ಚರ್ಚೆ. ಊರಿನ ಐಸ್ ಹಾಕಿ ತಂಡ ‘ಪೆಂಗ್ವಿನ್ಸ್’ ಅನ್ನು ಇನ್ನೂ ತೇಪೆ ಹಚ್ಚಿಕೊಂಡು ನಡೆಸಬೇಕೋ, ಇಲ್ಲ ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಬೇಕೋ? 2007ರಿಂದ 2022ರವರೆಗೆ ಸತತ 16 ಸಲ ಪ್ಲೇಆಫ್‌ಗೆ ಹೋದ ತಂಡವಿದು. ಆ ಅವಧಿಯಲ್ಲಿ 2009, 2016 ಮತ್ತು 2017ರಲ್ಲಿ ಸ್ಟಾನ್ಲಿ ಕಪ್ ಗೆದ್ದಿತು. ಆಮೇಲೆ 2023, 2024, 2025 ಮೂರೂ ವರ್ಷ ಏಪ್ರಿಲ್‌ನಲ್ಲೇ ಗಂಟುಮೂಟೆ ಕಟ್ಟಿತು.

ನಮ್ಮಲ್ಲಿ ಹಾಕಿ ಅಂದರೆ ಕೊಡಗು ನೆನಪಾಗುತ್ತದೆ, 1997ರಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ ನೆನಪಾಗುತ್ತದೆ. ಇದು ಬೇರೆ ಹಾಕಿ. ಮಂಜುಗಡ್ಡೆಯ ಮೇಲೆ, ಕಾಲಿಗೆ ಸ್ಕೇಟ್ ಕಟ್ಟಿಕೊಂಡು, ಚೆಂಡಿನ ಬದಲು ಪಕ್ ಎಂಬ ರಬ್ಬರ್ ಬಿಲ್ಲೆಯನ್ನು ಅಟ್ಟುವ ಆಟ. ಪುಣೆಯ ಹಿಂಜವಡಿಯಲ್ಲಿ ಕೂತ ನನಗೆ ಈ ಹುಚ್ಚು ಹತ್ತಿಸಿದ್ದು ಕೆಲಸ. ನಮ್ಮ ಪ್ರಾಜೆಕ್ಟಿನ ಅರ್ಧ ಜನ ಪಿಟ್ಸ್‌ಬರ್ಗ್‌ನವರು. ಸಂಜೆಯ ಕಾಲ್‌ನಲ್ಲಿ ಮೊದಲ ಐದು ನಿಮಿಷ ಹವಾಮಾನದ ಮಾತು, ಇಲ್ಲವೇ ಪೆಂಗ್ವಿನ್ಸ್ ಮಾತು. ಚಳಿಗಾಲದಲ್ಲಿ ಅಲ್ಲಿನ ರಾತ್ರಿ ಏಳರ ಪಂದ್ಯ ನಮಗೆ ಬೆಳಗಿನ ಐದೂವರೆಗೆ. ಹಾಲಿನವನು ಬಾಗಿಲು ಬಡಿಯುವ ಹೊತ್ತಿಗೆ ಮೊದಲ ಪೀರಿಯಡ್ ಮುಗಿದಿರುತ್ತದೆ.

ಚರ್ಚೆ ಅರ್ಥವಾಗಬೇಕಾದರೆ ಲೀಗಿನ ಲೆಕ್ಕಾಚಾರ ಸ್ವಲ್ಪ ತಿಳಿದಿರಬೇಕು. ಎನ್‌ಎಚ್‌ಎಲ್‌ನಲ್ಲಿ 32 ತಂಡಗಳಿವೆ. 2025–26ರಲ್ಲಿ ಒಂದೊಂದಕ್ಕೆ 82 ಪಂದ್ಯ, ಕೊನೆಗೆ 16 ತಂಡ ಪ್ಲೇಆಫ್‌ಗೆ. ಹಣವಿದೆ ಎಂದು ಬೇಕಾದವರನ್ನೆಲ್ಲ ಕೊಳ್ಳುವಂತಿಲ್ಲ. ಆಟಗಾರರ ಒಟ್ಟು ಸಂಬಳಕ್ಕೆ ಮಿತಿಯಿದೆ. 2025–26ಕ್ಕೆ ಅದು 9.55 ಕೋಟಿ ಡಾಲರ್. ಹೊಸಬರು ಬರುವುದು ಪ್ರತಿ ಬೇಸಿಗೆಯ ಡ್ರಾಫ್ಟ್‌ನಿಂದ. ಹದಿನೆಂಟರ ಆಸುಪಾಸಿನ ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತವೆ. ಸೋತವರಿಗೆ ಮುಂದಿನ ಸರದಿ. ಬೇಕೆಂದೇ ಸೋಲಬಾರದೆಂದು ಮೊದಲ ಸ್ಥಾನಗಳಿಗೆ ಲಾಟರಿ ಇಟ್ಟಿದ್ದಾರೆ. ಈಗಿನ ನಿಯಮದಲ್ಲಿ ಕಟ್ಟಕಡೆಯ ತಂಡಕ್ಕೂ ಮೊದಲ ಆಯ್ಕೆ ಸಿಗುವ ಸಾಧ್ಯತೆ ಶೇ 25.5 ಮಾತ್ರ.

‘ಪೂರ್ತಿ ಬಿಚ್ಚೋಣ’ ಎನ್ನುವವರ ಕೈಯಲ್ಲಿ ಪಿಟ್ಸ್‌ಬರ್ಗಿನದೇ ಚರಿತ್ರೆಯಿದೆ. 1983–84ರಲ್ಲಿ ತಂಡ ಕಟ್ಟಕಡೆಯಲ್ಲಿತ್ತು. ಆ ಬೇಸಿಗೆ ಮಾರಿಯೊ ಲೆಮ್ಯೂ ಬಂದ, 1991 ಮತ್ತು 1992ರಲ್ಲಿ ಕಪ್ ಬಂತು. 2001ರಲ್ಲಿ ದೊಡ್ಡ ತಾರೆ ಯರೊಮಿರ್ ಯಾಗರ್‌ನನ್ನು ವಾಷಿಂಗ್ಟನ್‌ಗೆ ಕೊಟ್ಟು ಕೆಲವು ವರ್ಷ ತಳದಲ್ಲಿ ಬಿದ್ದಿತ್ತು. ಅದರ ಫಲವಾಗಿ 2003ರಲ್ಲಿ ಗೋಲಿ ಮಾರ್ಕ್ ಆಂಡ್ರೆ ಫ್ಲೂರಿ, 2004ರಲ್ಲಿ ಎವ್ಗೆನಿ ಮಾಲ್ಕಿನ್, 2005ರಲ್ಲಿ ಸಿಡ್ನಿ ಕ್ರಾಸ್ಬಿ ಸಿಕ್ಕರು. ಎರಡು ಸಲ ಆದದ್ದು ಮೂರನೇ ಸಲವೂ ಆದೀತು ಎಂಬುದು ಅವರ ವಾದ.

ಆದರೆ ಈ ಕಥೆಯಲ್ಲಿ ಅದೃಷ್ಟದ ಪಾಲನ್ನು ಬಿಟ್ಟು ಹೇಳುತ್ತಾರೆ. ಕ್ರಾಸ್ಬಿ ಬಂದ ವರ್ಷ ಮಾಲೀಕರು ಮತ್ತು ಆಟಗಾರರ ಜಗಳದಿಂದ ಇಡೀ ಋತುವೇ ರದ್ದಾಗಿತ್ತು. ಆಗಿದ್ದ 30 ತಂಡಗಳನ್ನೂ ಸೇರಿಸಿ ಲಾಟರಿ ಎತ್ತಿದರು. ಆ ದಿನ ಬೇರೆ ಊರಿನ ಹೆಸರು ಬಂದಿದ್ದರೆ ಮೂರು ಕಪ್‌ಗಳ ಕಥೆಯೂ ಬೇರೆಯಾಗುತ್ತಿತ್ತು.

ಅದೃಷ್ಟ ಕೈಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಬಫಲೊ ಸೇಬರ್ಸ್ ತಂಡವನ್ನು ನೋಡಬೇಕು. 2015ರ ಡ್ರಾಫ್ಟ್‌ನಲ್ಲಿ ಕಾನರ್ ಮೆಕ್‌ಡೇವಿಡ್ ಎಂಬ ಅಪರೂಪದ ಹುಡುಗನಿದ್ದ. ಅವನಿಗಾಗಿ ಬಫಲೊ ಒಳ್ಳೆಯ ಆಟಗಾರರನ್ನು ಮಾರಿಕೊಂಡು ತಳ ಹಿಡಿಯಿತು. ಆ ಮಾರ್ಚ್‌ನಲ್ಲಿ ತವರಿನ ಪಂದ್ಯವೊಂದರ ಹೆಚ್ಚುವರಿ ಅವಧಿಯಲ್ಲಿ ಎದುರಾಳಿ ಅರಿಜೋನ ಗೋಲು ಹೊಡೆದಾಗ ಬಫಲೊ ಅಭಿಮಾನಿಗಳಲ್ಲೇ ಎಷ್ಟೋ ಮಂದಿ ಎದ್ದು ಚಪ್ಪಾಳೆ ತಟ್ಟಿದರು. ಸ್ವಂತ ತಂಡ ಸೋತದ್ದಕ್ಕೆ! ಕೊನೆಗೆ ಲಾಟರಿ ಹೊಡೆದದ್ದು ಶೇ 11.5ರಷ್ಟು ಸಾಧ್ಯತೆ ಇದ್ದ ಎಡ್ಮಂಟನ್‌ಗೆ. ಬಫಲೊಗೆ ಎರಡನೇ ಆಯ್ಕೆಯಾಗಿ ಸಿಕ್ಕ ಜ್ಯಾಕ್ ಐಕಲ್ ಕೂಡ ಒಳ್ಳೆಯ ಆಟಗಾರನೇ. ಆದರೆ ಅವನ ಸುತ್ತ ಸೋಲನ್ನೇ ರೂಢಿ ಮಾಡಿಕೊಂಡ ತಂಡವಿತ್ತು. ಕತ್ತಿನ ಶಸ್ತ್ರಚಿಕಿತ್ಸೆಯ ವಿಷಯದಲ್ಲಿ ಮನಸ್ತಾಪವಾಗಿ 2021ರಲ್ಲಿ ವೇಗಸ್‌ಗೆ ಹೋದ, 2023ರಲ್ಲಿ ಅಲ್ಲಿ ಕಪ್ ಎತ್ತಿದ. ಬಫಲೊ 2011ರ ನಂತರ 2025ರವರೆಗೆ 14 ಋತು ಪ್ಲೇಆಫ್ ಕಾಣಲಿಲ್ಲ. ಲೀಗಿನ ಚರಿತ್ರೆಯಲ್ಲೇ ಇಷ್ಟು ದೀರ್ಘ ಬರಗಾಲ ಬೇರೆ ತಂಡಕ್ಕೆ ಬಂದಿಲ್ಲ.

ಡೆಟ್ರಾಯ್ಟ್ ಕೂಡ ಸತತ 25 ವರ್ಷ ಪ್ಲೇಆಫ್ ಆಡಿ 2016ರ ನಂತರ ಕುಸಿಯಿತು. 2019–20ರಲ್ಲಿ ಲೀಗಿನ ಅತಿ ಕೆಟ್ಟ ತಂಡವಾಗಿದ್ದರೂ ಲಾಟರಿಯಲ್ಲಿ ನಾಲ್ಕನೇ ಸ್ಥಾನಕ್ಕೆ ಜಾರಿತು. 2025ರವರೆಗೂ ಅದು ಪ್ಲೇಆಫ್‌ಗೆ ಮರಳಲಿಲ್ಲ.

ಹಾಗಾದರೆ ಏನೂ ಮಾಡದೆ ಕೂರುವುದೇ? ಅದೂ ಅಲ್ಲ. ಪಿಟ್ಸ್‌ಬರ್ಗಿನ ನಿಜವಾದ ರೋಗ ಇರುವುದು ಬೇರೆ ಕಡೆ. 2015ರಿಂದ 2021ರವರೆಗಿನ ಏಳು ಡ್ರಾಫ್ಟ್‌ಗಳಲ್ಲಿ ಆ ತಂಡ ಮೊದಲ ಸುತ್ತಿನಲ್ಲಿ ಆರಿಸಿದ್ದು ಒಬ್ಬನೇ ಒಬ್ಬ ಹುಡುಗನನ್ನು, 2019ರಲ್ಲಿ. ಉಳಿದ ಆರೂ ವರ್ಷ ಆ ಸರದಿಯನ್ನು ಬೇರೆ ತಂಡಕ್ಕೆ ಕೊಟ್ಟು, ಆ ಗಳಿಗೆಗೆ ಬೇಕಾದ ಅನುಭವಿ ಆಟಗಾರನನ್ನು ತಂದುಕೊಂಡಿತ್ತು. ಗೆಲ್ಲುವ ತಂಡ ಹಾಗೆ ಮಾಡುವುದರಲ್ಲಿ ತಪ್ಪಿಲ್ಲ, ಅದೇ ದಾರಿಯಲ್ಲಿ ಎರಡು ಕಪ್ ಬಂದಿವೆ. ಆದರೆ 2018ರ ನಂತರ ಅದು ಪ್ಲೇಆಫ್‌ನಲ್ಲಿ ಒಂದು ಸುತ್ತನ್ನೂ ಗೆದ್ದಿರಲಿಲ್ಲ. ಆಗಲೂ ನಾಳೆಯನ್ನು ಒತ್ತೆಯಿಟ್ಟು ಇಂದಿನ ಊಟ ಮಾಡುವುದು ನಿಲ್ಲಲಿಲ್ಲ.

ನನ್ನೂರು ಸಾಗರದ ಕಡೆ. ಅಡಿಕೆ ತೋಟ ಇರುವವರಿಗೆ ಈ ವಿಷಯ ಬಿಡಿಸಿ ಹೇಳಬೇಕಾಗಿಲ್ಲ. ಸಸಿ ನೆಟ್ಟು ಫಸಲು ಕಾಣಲು ಐದಾರು ವರ್ಷ ಬೇಕು. ಡ್ರಾಫ್ಟ್‌ನಲ್ಲಿ ಬಂದ ಹೆಚ್ಚಿನ ಹುಡುಗರು ಗಟ್ಟಿ ಆಟಗಾರರಾಗಲೂ ಹೆಚ್ಚುಕಡಿಮೆ ಅಷ್ಟೇ ಕಾಲ. ಮರಗಳು ಮುದಿಯಾದವೆಂದು ಯಾರೂ ಇಡೀ ತೋಟವನ್ನು ಒಂದೇ ದಿನ ಕಡಿದು ಹಾಕುವುದಿಲ್ಲ. ಹಳೆ ಮರಗಳ ನಡುವೆ ಸಸಿ ನೆಡುತ್ತಾರೆ. ಎಳೆ ಸಸಿಗೆ ನೆರಳೂ ಬೇಕು. ಅದು ಮೇಲೆದ್ದ ಮೇಲೆ ಹಳೆಯದನ್ನು ಒಂದೊಂದಾಗಿ ತೆಗೆಯುತ್ತಾರೆ. ‘ಮರ ಚೆನ್ನಾಗಿ ಬಿಡ್ತಿರೋವಾಗಲೇ ಸಸಿ ನೆಡಬೇಕು ಮಾರಾಯ, ಬಿಡೋದು ನಿಂತ ಮೇಲಲ್ಲ’ ಎನ್ನುತ್ತಾರೆ ನಮ್ಮ ದೊಡ್ಡಪ್ಪ. ಬಫಲೊ ತೋಟ ಕಡಿಯಿತು. ಪಿಟ್ಸ್‌ಬರ್ಗ್ ಸಸಿ ನೆಡುವುದನ್ನೇ ಬಿಟ್ಟಿತು.

ನಡುವಿನ ದಾರಿ ಬರೀ ಮಾತಲ್ಲ ಎಂಬುದಕ್ಕೆ ವಾಷಿಂಗ್ಟನ್ ಕ್ಯಾಪಿಟಲ್ಸ್ ಸಾಕ್ಷಿ. 2023ರಲ್ಲಿ ಪ್ಲೇಆಫ್ ತಪ್ಪುವುದು ಕಂಡಾಗ ಅವರು ಒಪ್ಪಂದ ಮುಗಿಯಲಿದ್ದ ಕೆಲವರನ್ನು ಮಾರಿದರು, ಅಲೆಕ್ಸ್ ಒವೆಚ್ಕಿನ್‌ನನ್ನು ಉಳಿಸಿಕೊಂಡರು, ತಮ್ಮಲ್ಲೇ ಬೆಳೆದ ಹುಡುಗರಿಗೆ ಜಾಗ ಬಿಟ್ಟರು. ಎರಡೇ ವರ್ಷದಲ್ಲಿ, 2024–25ರಲ್ಲಿ, 111 ಅಂಕಗಳೊಂದಿಗೆ ಪೂರ್ವ ವಿಭಾಗದ ಅಗ್ರಸ್ಥಾನ. ಅದೇ ಋತುವಿನಲ್ಲಿ 39ರ ಒವೆಚ್ಕಿನ್ ವೇಯ್ನ್ ಗ್ರೆಟ್ಸ್ಕಿಯ 894 ಗೋಲುಗಳ ದಾಖಲೆ ಮುರಿದ.

ಪಿಟ್ಸ್‌ಬರ್ಗ್ ತಡವಾಗಿಯಾದರೂ ಆ ದಾರಿ ಹಿಡಿದಂತಿದೆ. 2023ರಲ್ಲಿ ಬಂದ ಮುಖ್ಯಸ್ಥ ಕೈಲ್ ಡುಬಾಸ್ ಮೊದಲು ದುಬಾರಿ ಎರಿಕ್ ಕಾರ್ಲ್‌ಸನ್‌ನನ್ನು ತಂದು ಇನ್ನೊಂದು ತೇಪೆ ಹಚ್ಚಿದರು. 2024ರ ಮಾರ್ಚ್‌ನಲ್ಲಿ ದಾರಿ ಬದಲಾಯಿತು. ಕ್ರಾಸ್ಬಿಯ ನೆಚ್ಚಿನ ಜೊತೆಗಾರ ಜೇಕ್ ಗೆಂಟ್ಜೆಲ್‌ನನ್ನೇ ಮಾರಿ ಎಳೆಯರನ್ನು, ಡ್ರಾಫ್ಟ್ ಸರದಿಗಳನ್ನು ತಂದರು. 2025ರ ಡ್ರಾಫ್ಟ್‌ನಲ್ಲಿ ಮೊದಲ ಸುತ್ತಿನಲ್ಲೇ ಮೂವರನ್ನು ಆರಿಸಿದರು. ಹತ್ತು ವರ್ಷ ತರಬೇತುದಾರರಾಗಿದ್ದ ಮೈಕ್ ಸಲ್ಲಿವನ್ ಹೋಗಿ ಡ್ಯಾನ್ ಮ್ಯೂಸ್ ಬಂದಿದ್ದಾರೆ.

ಈಗ ಉಳಿದಿರುವುದು ಕಷ್ಟದ ಪ್ರಶ್ನೆ: ಕ್ರಾಸ್ಬಿ. 2025ರ ಆಗಸ್ಟ್ 7ಕ್ಕೆ 38 ತುಂಬಿತು. 2024–25ರ ಋತುವಿನಲ್ಲಿ 80 ಪಂದ್ಯಗಳಲ್ಲಿ 91 ಅಂಕ. ಪಂದ್ಯಕ್ಕೊಂದು ಅಂಕದ ಸರಾಸರಿಯನ್ನು 20 ಋತು ಕಾಯ್ದುಕೊಂಡು ಗ್ರೆಟ್ಸ್ಕಿಯ 19ನ್ನು ದಾಟಿದ್ದಾನೆ. ಅವನನ್ನು ಕೊಟ್ಟರೆ ಬೇರೆ ತಂಡಗಳು ಕೈತುಂಬ ಕೊಡುತ್ತವೆ. ಲೆಕ್ಕದ ಹಾಳೆ ‘ಮಾರು’ ಎನ್ನುತ್ತದೆ. ಆದರೆ ಅವನು 2024ರಲ್ಲಿ ಒಪ್ಪಂದ ನವೀಕರಿಸಿದ್ದು ವರ್ಷಕ್ಕೆ 87 ಲಕ್ಷ ಡಾಲರ್‌ಗೆ, ಮಾರುಕಟ್ಟೆಯಲ್ಲಿ ಸಿಗಬಹುದಾಗಿದ್ದಕ್ಕಿಂತ ಬಹಳ ಕಡಿಮೆಗೆ. ತಂಡ ಇಳಿಯುತ್ತಿದೆ ಎಂದು ಗೊತ್ತಿದ್ದೇ ಸಹಿ ಹಾಕಿದ್ದು. ಅವನಾಗಿ ಕೇಳಿದರೆ ಗೌರವದಿಂದ ಕಳಿಸಿಕೊಡಬೇಕು, ಕೇಳದಿದ್ದರೆ ಮುಟ್ಟಬಾರದು. ಹದಿನೆಂಟರ ಹುಡುಗ ಬೆಳಗಿನ ಅಭ್ಯಾಸಕ್ಕೆ ಬಂದಾಗ ತನಗಿಂತ ಮೊದಲೇ ಬಂದು ನಿಂತ ಕ್ರಾಸ್ಬಿಯನ್ನು ನೋಡುವುದಕ್ಕೆ ಬೆಲೆ ಕಟ್ಟಲಾಗದು. ಎಳೆ ಸಸಿಗೆ ನೆರಳು ಎಂದರೆ ಇದೇ.

ಇದಕ್ಕೆ ತೆರುವ ಬೆಲೆಯನ್ನು ಮುಚ್ಚಿಡಬಾರದು. ಹೀಗೆ ಕಟ್ಟುತ್ತಾ ಹೋದರೆ ಕ್ರಾಸ್ಬಿ ಪಿಟ್ಸ್‌ಬರ್ಗ್ ಅಂಗಿಯಲ್ಲಿ ಇನ್ನೊಂದು ಕಪ್ ಎತ್ತದೇ ಹೋಗಬಹುದು. ನಮ್ಮ ಪ್ರಾಜೆಕ್ಟಿನ ಹಿರಿಯರೊಬ್ಬರು ತಮ್ಮ ತಂದೆಯ ಜೊತೆ ಎಷ್ಟೋ ವರ್ಷಗಳಿಂದ ಒಂದೇ ಜೋಡಿ ಸೀಟಿನಲ್ಲಿ ಕೂತು ಪಂದ್ಯ ನೋಡುವವರು. ಪುನರ್‌ನಿರ್ಮಾಣದ ಬಗ್ಗೆ ನಾನು ಉತ್ಸಾಹದಿಂದ ಮಾತಾಡಿದಾಗ ಅವರು ತಣ್ಣಗೆ ಹೇಳಿದರು: ‘ಐದು ವರ್ಷ ನಾನು ಕಾಯಬಲ್ಲೆ. ಅಪ್ಪನಿಗೆ ಈಗ 84.’ ಆ ಮಾತಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ.

ಆ ಮಾತೇ ಬೇಕೆಂದು ಸೋಲುವುದರ ವಿರುದ್ಧದ ದೊಡ್ಡ ವಾದ ಎಂದು ಆಮೇಲೆ ಅನ್ನಿಸಿತು. ಆ ಸೀಟಿನಲ್ಲಿ ಕೂತ ಮುದುಕನಿಗೆ ಕಪ್ ಕೊಡಲಾಗದಿದ್ದರೆ ಬೇಡ, ಪ್ರತಿ ರಾತ್ರಿ ಗೆಲ್ಲಲು ಆಡುವ ತಂಡವನ್ನಾದರೂ ಕೊಡಬೇಕು. ಅಂಚಿನಲ್ಲಿ ನಿಂತವರಿಗೂ ಈ ಆಟದಲ್ಲಿ ಬಾಗಿಲು ತೆರೆಯುವುದುಂಟು. 2023ರಲ್ಲಿ ಪಿಟ್ಸ್‌ಬರ್ಗ್ 91 ಅಂಕ ಗಳಿಸಿ ಹೊರಗುಳಿಯಿತು, 92 ಗಳಿಸಿದ ಫ್ಲಾರಿಡ ಒಳಹೊಕ್ಕು ಫೈನಲ್‌ವರೆಗೆ ಹೋಯಿತು.

ಆದ್ದರಿಂದ ನನ್ನ ಮಟ್ಟಿಗೆ ಉತ್ತರ ಇಷ್ಟು. ಪುನರ್‌ನಿರ್ಮಾಣ ಶುರುವಾಗಲಿ, ನಿಲ್ಲದಿರಲಿ. ಮೊದಲ ಸುತ್ತಿನ ಸರದಿಯನ್ನು ಯಾವ ಕಾರಣಕ್ಕೂ ಮಾರಬಾರದು. ಬೆಲೆ ಇರುವಾಗಲೇ ನಡುವಯಸ್ಸಿನ ಆಟಗಾರರನ್ನು ಬಿಟ್ಟುಕೊಡಬೇಕು. ಲಾಟರಿಯನ್ನು ನಂಬಿ ಸೋಲಬಾರದು. ಅಕ್ಟೋಬರ್‌ನಲ್ಲಿ ಹೊಸ ಋತು. ಗೆಲುವಿಗಿಂತ ಹೆಚ್ಚಾಗಿ ಈ ಸಲ ನಾನು ನೋಡುವುದು ಒಂದನ್ನೇ: ಮೂರನೇ ಪೀರಿಯಡ್‌ನಲ್ಲಿ, ಸ್ಕೋರು ಸಮವಿರುವಾಗ, ಎಷ್ಟು ಜನ ಹುಡುಗರನ್ನು ಮಂಜಿನ ಮೇಲೆ ಬಿಡುತ್ತಾರೆ ಎಂಬುದನ್ನು.